ಹೂ ಮುಡಿದು ಬಂದ ಜೀಪು

ಕುಣಿಗಲ್ಲಿನಲ್ಲಿ ಒಂದು ಮದುವೆಯ ವಲೀಮಾ ಊಟಕ್ಕೆ ಹೋದಾಗ ನಮ್ಮ ಅಬ್ಬಾ ಒಂದು ಸಣ್ಣ ಸುಳ್ಳು ಹೇಳಿದರು. ತುಮಕೂರಿನಲ್ಲಿ ಹಾಸಿಗೆ ಅಂಗಡಿ ಇಟ್ಟವರಾದ್ದರಿಂದ ಹತ್ತಿಯ ವಿಷಯದಲ್ಲಿ ಅವರು ಹೇಳುತ್ತಿದ್ದ ಸುಳ್ಳುಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವು ವ್ಯಾಪಾರಕ್ಕೆ ಸೇರಿದವು. ಇದು ಮಾನಕ್ಕೆ ಸೇರಿದ್ದು.

ಛತ್ರದ ಗೇಟಿನಲ್ಲಿ ಅಬ್ಬಾ ಮೊಪೆಡ್ ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿ ನಾನು, ನನ್ನ ತೊಡೆಯ ಮೇಲೆ ಉಡುಗೊರೆಯ ಕುಕ್ಕರ್ ಡಬ್ಬ. ಗೇಟಿನವನು ನಮ್ಮನ್ನು ನೋಡಿ, ‘ಅಡುಗೆ ಸಾಮಾನೆಲ್ಲಾ ಹಿಂದ್ಗಡೆ ಬಾಗ್ಲಿಗೆ ಹೋಗ್ಬೇಕು, ಹೋಗಿ ಹೋಗಿ’ ಎಂದ. ಅಲ್ಲೇ ಕಾರು ಒರೆಸುತ್ತ ನಿಂತಿದ್ದ ನಮ್ಮ ದೂರದ ನೆಂಟರೊಬ್ಬರು ನಕ್ಕು, ‘ಏನ್ ಖುರ್ಷಿದ್ ಭಾಯ್, ಇನ್ನೂ ಇದೇ ಮೊಪೆಡ್ಡಾ?’ ಎಂದರು.

‘ಕೊಡೋದಿದೆ ಇದನ್ನ’ ಎಂದರು ಅಬ್ಬಾ. ‘ಜೀಪ್ ತೊಗೊಂಡೆ.’

ಕಾರು ಎನ್ನಬಹುದಿತ್ತು. ಆದರೆ ಎದುರಿಗಿದ್ದವರ ಹತ್ತಿರ ಕಾರಿತ್ತಲ್ಲ. ಕಾರಿಗಿಂತ ಎತ್ತರವಾದದ್ದು ಅಬ್ಬಾಗೆ ಆ ಗಳಿಗೆಯಲ್ಲಿ ಹೊಳೆದದ್ದು ಜೀಪು. ಬಿರಿಯಾನಿ ಬಡಿಸುವ ಹೊತ್ತಿಗೆ ಅದಕ್ಕೆ ನಾಲ್ಕೂ ಚಕ್ರ ಎಳೆಯುವ ಶಕ್ತಿ ಬಂದಿತ್ತು. ಮೀಠಾ ಬಡಿಸುವ ಹೊತ್ತಿಗೆ ಅದು ಬೆಟ್ಟ ಹತ್ತಿಳಿದಿತ್ತು. ಹಾಸಿಗೆ ಅಂಗಡಿಯವರಿಗೆ ಬೆಟ್ಟದಲ್ಲಿ ಏನು ಕೆಲಸ ಎಂದು ಯಾರೂ ಕೇಳಲಿಲ್ಲ. ನಮ್ಮ ಬೀದಿಯಲ್ಲಿ ಒಳಚರಂಡಿಗೆಂದು ಅಗೆದು ಬಿಟ್ಟಿರುವ ಗುಂಡಿಯನ್ನು ಬಿಟ್ಟರೆ ಅಬ್ಬಾ ತಮ್ಮ ಜೀವಮಾನದಲ್ಲಿ ಬೇರೆ ಯಾವ ದುರ್ಗಮ ಪ್ರದೇಶವನ್ನೂ ದಾಟಿದವರಲ್ಲ.

ಹೇಳಿದ ಮೇಲೆ ಜೀಪು ಹುಡುಕಬೇಕಾಯಿತು.

ಇದೇ ಹೊತ್ತಿಗೆ ನನಗೆ ಗುಬ್ಬಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತದ ಮೇಡಂ ಕೆಲಸ ಸಿಕ್ಕಿತ್ತು. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತವಳು ನಾನಾಗಿಯೇ ಬಾಯಿಬಿಟ್ಟು ಬೇಕೆಂದು ಕೇಳಿದ್ದು ಅದೊಂದನ್ನೇ. ಅಬ್ಬಾನನ್ನು ಒಪ್ಪಿಸಲು ಅಮ್ಮಿ ಒಂದು ರಂಜಾನ್ ಪೂರ್ತಿ ತೆಗೆದುಕೊಂಡಿದ್ದರು. ಡೆಮೊ ಕ್ಲಾಸಿನಲ್ಲಿ ನಾನು ಬೋರ್ಡಿನ ಕಡೆಗೇ ಮುಖ ಮಾಡಿ ನಿಂತು ಪೈಥಾಗೊರಸ್ ಪ್ರಮೇಯವನ್ನು ಬೋರ್ಡಿಗೇ ಹೇಳಿಕೊಟ್ಟೆ. ನನ್ನ ದನಿ ಕೇಳಿಸಿಕೊಳ್ಳಲು ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದರು. ಸೆಕ್ರೆಟರಿ ಶಿವಮೂರ್ತಿಯವರು ಅದನ್ನು ಶಿಸ್ತು ಎಂದು ತಿಳಿದು, ‘ಇಂಥವ್ರೇ ಬೇಕು ನಮ್ಗೆ. ಮುಂದಿನ ಸೋಮವಾರ ಬಂದು ಜಾಯಿನ್ ಆಗ್ಬಿಡಮ್ಮ’ ಎಂದರು. ನಮ್ಮ ಎದುರು ಮನೆಯ ಮಹಾಲಕ್ಷ್ಮಮ್ಮನವರ ಮಗಳು ಪಲ್ಲವಿಯೂ ಅದೇ ಕೆಲಸಕ್ಕೆ ಬಂದಿದ್ದಳು. ಅವಳ ಪಾಠ ಪಕ್ಕದ ಬಸ್‌ಸ್ಟ್ಯಾಂಡಿಗೂ ಕೇಳಿಸಿತ್ತು. ಅವಳಿಗೆ ಸಿಗಲಿಲ್ಲ. ಮಹಾಲಕ್ಷ್ಮಮ್ಮನವರು ದೊಡ್ಡ ಮನಸ್ಸಿನವರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ನನಗೂ ಕಡಲೆಕಾಯಿ ಕೊಡಿಸಿದರು.

ಆ ಸೋಮವಾರ ಇನ್ನೇನು ಬರಬೇಕು, ಅಷ್ಟರಲ್ಲಿ ಗುರುವಾರ ಬಂತು.

ಗುರುವಾರ ಬೆಳಿಗ್ಗೆ ಅಬ್ಬಾ ನನ್ನನ್ನು ಕಡಬಕ್ಕೆ ಕರೆದುಕೊಂಡು ಹೋದರು. ಅಲ್ಲಿ ಪುಟ್ಟರಂಗಯ್ಯ ಎಂಬ ಹಳೇ ಗಿರಾಕಿಯ ತೆಂಗಿನ ತೋಟದಲ್ಲಿ ಒಂದು ಜೀಪು ಇತ್ತು. ಮೀಟರ್ ನೋಡಿ ಎಷ್ಟು ಓಡಿದೆ ಎಂದು ಹೇಳಲು ಓದಿದವರೊಬ್ಬರು ಜೊತೆಗಿರಲಿ ಎಂದು ನಾನು. ಅದು ನನ್ನ ಡಿಗ್ರಿಗೆ ಮನೆಯಲ್ಲಿ ಸಿಕ್ಕ ಮೊದಲ ಉದ್ಯೋಗ.

ಮೀಟರ್ ಮೂರು ಲಕ್ಷದ ಆಚೆ ಎಲ್ಲೋ ನಿಂತಿತ್ತು.

‘ಅದು ನಿಂತು ಬಾಳ ವರ್ಸ ಆಯ್ತು ಸಾಬ್ರೇ’ ಎಂದರು ಪುಟ್ಟರಂಗಯ್ಯ. ‘ಆಮ್ಯಾಕೆ ಎಷ್ಟು ಓಡೈತೋ ಆ ದ್ಯಾವ್ರಿಗೇ ಗೊತ್ತು.’

ಅಬ್ಬಾ ನನ್ನ ಕಡೆ ತಿರುಗಿ ಪಿಸುಗುಟ್ಟಿದರು: ‘ಕೇಳಿದ್ಯಾ? ಆಮೇಲೆ ಓಡಿದ್ದಕ್ಕೆ ಸಾಕ್ಷಿನೇ ಇಲ್ಲ. ಅಂದ್ರೆ ಓಡಿಲ್ಲ ಅಂತಾನೇ ಲೆಕ್ಕ.’

ಡ್ರೈವರ್ ಸೀಟಿನ ಕೆಳಗೆ ತಗಡು ತುಕ್ಕು ಹಿಡಿದು ನೆಲ ಕಾಣುತ್ತಿತ್ತು. ಅಬ್ಬಾ ಬಗ್ಗಿ ನೋಡಿ, ‘ಗಾಳಿಗೆ ತೊಂದ್ರೆ ಇಲ್ಲ’ ಎಂದರು. ಗೇರಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಲಿವರ್ ಇತ್ತು. ಅದನ್ನು ಎಳೆದರೆ ನಾಲ್ಕೂ ಚಕ್ರ ತಿರುಗುತ್ತವಂತೆ. ‘ಕೆರೆ ಅಂಗಳದಾಗೆ ಹೂತ್ಕಂಡಿದ್ದ ಟ್ರ್ಯಾಕ್ಟ್ರನ್ನೇ ಎಳ್ದಾಕೈತೆ ಇದು’ ಎಂದು ಪುಟ್ಟರಂಗಯ್ಯ ಬಾನೆಟ್ಟಿಗೆ ಒಂದೇಟು ಹಾಕಿದರು. ಒಳಗೆ ಏನೋ ಕಳಚಿ ಬಿದ್ದ ಸದ್ದಾಯಿತು. ಇಬ್ಬರೂ ಕೇಳಿಸದವರಂತೆ ನಿಂತರು.

ಅಬ್ಬಾಗೆ ಯಾವುದನ್ನೂ ತೀರ್ಮಾನಿಸಿ ರೂಢಿಯಿಲ್ಲ. ಕೊನೆಗೆ ಯಾರು ಮಾತಾಡಿದರೋ ಅವರ ಅಭಿಪ್ರಾಯವೇ ಅವರದು. ಪುಟ್ಟರಂಗಯ್ಯನವರಿಗೆ ಇದು ಗೊತ್ತು. ‘ಇವತ್ತೇ ಹೇಳ್ಬೇಡಿ ಬುಡಿ. ತಕಂಡೋಗಿ, ನಾಕ್ ದಿನ ಮನೆ ಮುಂದೆ ಮಡೀಕಳಿ, ಓಡಿಸ್ನೋಡಿ. ಬ್ಯಾಡ ಅಂದ್ರೆ ತಂದ್ಬುಡಿ. ನಮ್ಮೂರ್ ಕಡೆ ಎತ್ತು ಕೊಡೋದೂ ಹಿಂಗೇಯ.’

ಮೊಪೆಡ್ಡನ್ನು ಜೀಪಿನ ಹಿಂದೆ ಮಲಗಿಸಿ ಹಗ್ಗ ಕಟ್ಟಿ ಹೊರಡುವಾಗ ಪುಟ್ಟರಂಗಯ್ಯನವರ ಹೆಂಡತಿ ಗಂಗಲಕ್ಷ್ಮಮ್ಮ ಒಂದು ಮಂಕರಿ ಹೂವು ಹೊತ್ತು ಬಂದರು. ಬಾನೆಟ್ಟಿನ ಮೇಲೆ ಅಡ್ಡಡ್ಡ ಎರಡು ಚೆಂಡುಹೂವಿನ ಹಾರ, ಕನ್ನಡಿಗಳಿಗೆ ಸೇವಂತಿಗೆ ದಂಡೆ, ಮುಂದಿನ ಕಂಬಿಗೆ ಮಾವಿನ ಸೊಪ್ಪು.

‘ಇದೇನಮ್ಮಾ…’ ಎಂದರು ಅಬ್ಬಾ.

‘ಸುಮ್ಕಿರಿ ಸಾಬ್ರೇ. ನನ್ ಸ್ವಂತ ಮಗ್ಳಂಗೆ ಇಟ್ಕಂಡಿದ್ದ ಗಾಡಿ. ಹೊಸಲು ದಾಟುವಾಗ ಬೋಳಾಗಿ ಕಳಿಸ್ತಾರಾ? ಅದಾಗೇ ಒಣಗೋಗಂಟ ಹೂವ ಕೀಳ್ಬೇಡಿ. ನನ್ ಮಾತು ನಡುಸ್ಕೊಡಿ.’

ಅವರ ಕಣ್ಣಲ್ಲಿ ನೀರಿತ್ತು. ಅಬ್ಬಾ ಎದೆಯ ಮೇಲೆ ಕೈಯಿಟ್ಟು ಮಾತು ಕೊಟ್ಟರು. ಹಾಸಿಗೆಯ ವಿಷಯದಲ್ಲಿ ಕೊಟ್ಟ ಮಾತಾಗಿದ್ದರೆ ಅವರು ದಾರಿಯಲ್ಲೇ ಮರೆಯುತ್ತಿದ್ದರು, ನಮ್ಮ ಮನೆ ಉಳಿಯುತ್ತಿತ್ತು. ಆದರೆ ಇದನ್ನು ಅವರು ಉಳಿಸಿಕೊಂಡರು.

ಸಂಜೆ ಜೀಪು ನಮ್ಮ ಬೀದಿಗೆ ನುಗ್ಗಿ, ಗುಂಡಿಯ ಅಂಚಿನಲ್ಲಿ ಒಂದು ಬಾರಿ ಯೋಚಿಸಿ, ನಮ್ಮ ಬಾಗಿಲ ಪಕ್ಕದ ಗೋಡೆಗೆ ಮೂತಿ ಒತ್ತಿ ನಿಂತಿತು. ರಿವರ್ಸ್ ಗೇರು ಎಲ್ಲಿದೆ ಎಂದು ಅಬ್ಬಾಗೆ ಸಿಗಲಿಲ್ಲವಾದ್ದರಿಂದ ಅಲ್ಲೇ ನಿಂತಿತು.

ಇಲ್ಲೊಂದು ವಿಷಯ ಹೇಳಬೇಕು. ನಮ್ಮ ಬೀದಿಯಲ್ಲಿ ಅರ್ಧ ಅವರು, ಅರ್ಧ ನಾವು. ಅವರ ಮನೆ ಮುಂದೆ ಹೂವಿನ ಹಾರ ಹಾಕಿದ ಗಾಡಿ ನಿಂತರೆ ಹೊಸ ಗಾಡಿ ಅಂತಲೋ ಆಯುಧಪೂಜೆ ಅಂತಲೋ ಅರ್ಥ. ನಮ್ಮ ಮನೆಗಳ ಮುಂದೆ ನಿಂತರೆ ಅದಕ್ಕಿರುವುದು ಒಂದೇ ಅರ್ಥ: ಮದುವೆ.

ಮಹಾಲಕ್ಷ್ಮಮ್ಮನವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದೇಬಿಟ್ಟರು.

‘ಪಾಷಾ ಅವ್ರೇ, ಯಾರ್ದು ಗಾಡಿ?’

‘ನಮ್ದೇ’ ಎಂದರು ಅಬ್ಬಾ, ಬೀದಿಗೆಲ್ಲ ಕೇಳುವಂತೆ.

‘ಹೂವ?’

‘ನಮ್ಮೋರೇ ಹಾಕಿದ್ದು.’

ಮಹಾಲಕ್ಷ್ಮಮ್ಮನವರು ಜೀಪನ್ನು ನೋಡಿದರು, ಹಾರವನ್ನು ನೋಡಿದರು, ಸೀಟಿನಿಂದ ಇಳಿಯಲು ಜಾಗ ಹುಡುಕುತ್ತಿದ್ದ ನನ್ನನ್ನು ನೋಡಿದರು. ‘ಅಯ್ಯೋ ನನ್ ಬಂಗಾರ!’ ಎಂದು ನನ್ನ ಗಲ್ಲ ನೇವರಿಸಿ ನೆಟಿಗೆ ಮುರಿದರು. ‘ಒಂದ್ ಮಾತೂ ಹೇಳ್ಲಿಲ್ವಲ್ಲೇ ಕಳ್ಳಿ!’

ನಾನು ತಲೆ ತಗ್ಗಿಸಿದೆ. ಹಲ್ಲಿ ಬಿದ್ದರೂ ನಾನು ಮಾಡುವುದು ಅದನ್ನೇ. ಆದರೆ ಅವತ್ತು ಅದು ನಾಚಿಕೆ ಎಂದು ದಾಖಲಾಯಿತು.

ನಮ್ಮ ಮನೆಯ ಜಗಳಗಳು ಉರ್ದುವಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತವೆ, ಕಿಟಕಿಯಾಚೆಯವರಿಗೆ ಅನ್ಯಾಯವಾಗಬಾರದೆಂದು. ಅವತ್ತು ಮಾತ್ರ ಅಮ್ಮಿ ಕಿಟಕಿ ಮುಚ್ಚಿದರು.

‘ಹೋಗಿ ಹೇಳಿ ಅವ್ರಿಗೆ, ಮದ್ವೆ ಇಲ್ಲ, ಗಾಡಿ ನೋಡಕ್ಕೆ ತಂದಿರೋದು ಅಂತ.’

‘ನಮ್ದೇ ಅಂದ್ಬಿಟ್ಟಿದೀನಲ್ಲ?’

‘ಮಗಳಿಗೆ ಮದ್ವೆ ಅಂದ್ಕೊಂಡಿದಾರೆ ರೀ!’

‘ಅಂದ್ಕೊಳ್ಳಿ ಬಿಡೇ. ಅಂದ್ಕೊಂಡ್ರೆ ಮದ್ವೆ ಆಗ್ಬಿಡತ್ತಾ? ಗಾಡಿ ತೊಗೊಳ್ಳೋದೋ ಬೇಡ್ವೋ ಡಿಸೈಡ್ ಆಗ್ಲಿ, ಆಮೇಲೆ ಎಲ್ಲಾ ಒಟ್ಟಿಗೆ ಹೇಳಣ. ಐಮನ್, ನೀನೇನಂತೀಯ?’

ನಾನು ಏನೂ ಅನ್ನಲಿಲ್ಲ. ‘ನೋಡು, ಅವಳಿಗೇ ಬೇಜಾರಿಲ್ಲ’ ಎಂದರು ಅಬ್ಬಾ.

ಮಾರನೆಯ ದಿನ ಜುಮ್ಮಾ ನಮಾಜು ಮುಗಿಯುವಷ್ಟರಲ್ಲಿ ಕುಣಿಗಲ್ಲಿನಿಂದ ನನ್ನ ಫುಪ್ಪು, ಅಬ್ಬಾನ ಅಕ್ಕ ಸರ್ವರ್ ಬೇಗಂ, ಬಸ್ಸಿಳಿದು ಬಂದರು. ಹೊಸಲಿನ ಹೊರಗೇ ನಿಂತು, ‘ನನ್ ತಮ್ಮನ ಮಗಳ ಮದ್ವೆ ಅಂತ ನಂಗೆ ಬಳೆ ಅಂಗ್ಡಿಯವ್ನು ಹೇಳ್ಬೇಕೇನೋ? ನಾನೇನು ಸತ್ತೋದ್ನಾ?’ ಎಂದು ಅತ್ತರು. ಅಮ್ಮಿ ಒಳಗೆ ಕರೆದು, ನೀರು ಕೊಟ್ಟು, ನಿಜ ಹೇಳಿದರು. ಮದುವೆ ಇಲ್ಲ ಎಂದು ಗೊತ್ತಾದ ಮೇಲೆ ಫುಪ್ಪುವಿನ ಕೋಪ ಇಳಿಯುತ್ತದೆ ಎಂದು ನಾವು ತಿಳಿದಿದ್ದೆವು. ಅದು ಇಳಿಯಲಿಲ್ಲ, ಕೆಲಸಕ್ಕೆ ತಿರುಗಿತು.

‘ಇಲ್ಲ ಅಂದ್ರೆ ಮಾಡಿದ್ರಾಯ್ತು’ ಎಂದರು. ‘ಜೀಪಂತೂ ಬಂದಿದೆಯಲ್ಲ.’

ಅಮೃತೂರಿನಲ್ಲಿ ಶಾಬಾಜ್ ಎಂಬ ಹುಡುಗನಿದ್ದ, ಮೊಬೈಲ್ ಅಂಗಡಿ. ಹೋದ ವರ್ಷ ಅವರ ಕಡೆಯವರು ನನ್ನ ಫೋಟೊ ತರಿಸಿಕೊಂಡು, ‘ಗಾಡಿ ಗೀಡಿ ಏನಾದ್ರೂ ಇದ್ಯಾ?’ ಎಂದು ವಿಚಾರಿಸಿ, ಇಲ್ಲವೆಂದು ತಿಳಿದ ಮೇಲೆ ಫೋಟೊವನ್ನೂ ಹಿಂದಿರುಗಿಸದೆ ಸುಮ್ಮನಾಗಿದ್ದರು. ಆ ಮೌನ ನನಗೆ ಹಿತವಾಗಿತ್ತು. ಫುಪ್ಪು ಅಲ್ಲೇ ಫೋನ್ ಹಚ್ಚಿದರು. ‘ಹೂಂ, ಜೀಪು. ನಾಕು ಚಕ್ರನೂ ಎಳೆಯೋದು. ಬಾಗ್ಲಲ್ಲೇ ನಿಂತಿದೆ, ಬಂದು ನೋಡಿ.’

ಫೋನಿಟ್ಟು ನನ್ನ ಕಡೆ ತಿರುಗಿದರು. ‘ನಿಂಗೆ ಒಪ್ಗೆ ತಾನೆ?’

ಸೋಮವಾರ ಗುಬ್ಬಿಗೆ ಹೋಗಬೇಕು ಎಂಬ ಮೂರು ಶಬ್ದ ನನ್ನ ಗಂಟಲಿಗೆ ಬಂದು ನಿಂತಿದ್ದವು. ಫುಪ್ಪು ಕಾಯಲಿಲ್ಲ. ನಿಕಾಹ್‌ನಲ್ಲಿ ಹುಡುಗಿ ಸುಮ್ಮನಿದ್ದರೆ ಒಪ್ಪಿದಳೆಂದೇ ಹಿರಿಯರು ಎಣಿಸುತ್ತಾರೆ. ನನ್ನಂಥವಳಿಗೆ ಆ ಲೆಕ್ಕದಲ್ಲಿ ದಿನಕ್ಕೆ ಹತ್ತು ಸಲ ಒಪ್ಪಿಗೆ. ‘ಸುಮ್ನಿದಾಳೆ. ಮಾಷಾಲ್ಲಾ’ ಎಂದು ಫುಪ್ಪು ನನ್ನ ಹಣೆಗೆ ಮುತ್ತಿಟ್ಟರು.

ಶನಿವಾರ ಹುಡುಗನ ಕಡೆಯವರು ಬಂದರು. ಶಾಬಾಜ್, ಅವನ ತಾಯಿ, ಮತ್ತೊಬ್ಬರು. ಮತ್ತೊಬ್ಬರನ್ನು ಹುಡುಗನ ಮಾಮ ಎಂದು ಪರಿಚಯಿಸಿದರು. ಅವರ ಜೇಬಿನಲ್ಲಿ ಸ್ಪ್ಯಾನರ್ ಇತ್ತು.

ನಾನು ಹೊಸ ದುಪಟ್ಟಾ ಹೊದ್ದು ಚಹಾ ತಟ್ಟೆ ಹಿಡಿದು ನಡುಮನೆಗೆ ಬಂದೆ. ಅಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಬೀದಿಯಲ್ಲಿದ್ದರು. ತಟ್ಟೆಯೊಂದಿಗೆ ಹೊರಗೆ ಹೋದೆ. ಬಾನೆಟ್ ತೆರೆದಿತ್ತು, ಮಾಮನವರ ಅರ್ಧ ದೇಹ ಅದರೊಳಗಿತ್ತು. ಹುಡುಗನ ತಾಯಿ ಸೀಟಿನ ಮೇಲೆ ಕೂತು ಮೇಲೆ ಕೆಳಗೆ ಕುಲುಕಿ ಸ್ಪ್ರಿಂಗ್ ಪರೀಕ್ಷಿಸುತ್ತಿದ್ದರು. ಹುಡುಗನದು ನನಗೆ ಪಾದಗಳು ಮಾತ್ರ ಕಂಡವು. ಮಿಕ್ಕಿದ್ದೆಲ್ಲ ಜೀಪಿನ ಅಡಿಯಲ್ಲಿತ್ತು.

ನಾನು ಚಹಾವನ್ನು ಆ ಪಾದಗಳ ಪಕ್ಕದಲ್ಲಿ ಇಟ್ಟೆ.

‘ಆಯಿಲ್ ಸೋರ್ತಿದೆ ಮಾಮೂ’ ಎಂದಿತು ಕೆಳಗಿನ ದನಿ.

‘ಬೆಂಡ್ ತೆಗ್ದಿದಾರೆ ಇಲ್ಲಿ, ಎಲ್ಲೋ ಗುದ್ದಿರೋ ಗಾಡಿ’ ಎಂದಿತು ಬಾನೆಟ್ಟಿನೊಳಗಿನ ದನಿ. ‘ಎಫ್‌ಸಿ ಯಾವಾಗ್ ಮಾಡ್ಸಿದ್ದು? ಇದಕ್ಕೆ ಮುಂಚೆ ಎಷ್ಟ್ ಜನ ಇಟ್ಕೊಂಡಿದ್ರು?’

ಬೀದಿಯ ಜನ ಗೋಡೆಗೊರಗಿ ನೋಡುತ್ತಿದ್ದರು. ಮಹಾಲಕ್ಷ್ಮಮ್ಮನವರು ಕುರ್ಚಿ ತರಿಸಿಕೊಂಡಿದ್ದರು.

ಮಾಮನವರು ಕೈ ಒರೆಸಿಕೊಂಡು ತೀರ್ಪು ಹೇಳಿದರು: ‘ಎಲ್ಲಾ ಸರಿ ಪಾಷಾ ಸಾಹೇಬ್ರೇ. ಆದ್ರೆ ಓಡಿರೋದು ಜಾಸ್ತಿ ಆಯ್ತು. ಹೊಸದು ಕೊಡೋ ಹಂಗಿದ್ರೆ ಮಾತಾಡಣ. ಈ ಗುಜ್ರಿ ನಮ್ ಹುಡುಗನಿಗೆ ಬೇಡ.’

ಅಬ್ಬಾ ಸಿಟ್ಟು ಮಾಡಿಕೊಂಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮೀಸೆ ನಡುಗಿತು.

‘ಗುಜ್ರಿನಾ? ಹುಡುಗಿ ಬೇಡ ಅಂದ್ರೆ ಬೇಡ ಅನ್ನಿ, ಕೇಳ್ಕೋತೀನಿ. ಗಾಡಿಗೆ ಹೆಸರಿಡ್ಬೇಡಿ! ಕಡಬದ ಕೆರೇಲಿ ಟ್ರ್ಯಾಕ್ಟ್ರನ್ನ ಎಳೆದಿರೋ ಗಾಡಿ ಇದು! ಏಳೋ, ಹೊರಗ್ ಬಾರೋ ನನ್ ಗಾಡಿ ಕೆಳಗಿಂದ!’

ಶಾಬಾಜ್ ಗಾಬರಿಯಲ್ಲಿ ಏಳಲು ಹೋಗಿ ಹಣೆ ಬಡಿಸಿಕೊಂಡ. ಪೂರ್ತಿ ಹುಡುಗ ಹೊರಬಂದಾಗ ಮುಖದ ತುಂಬ ಆಯಿಲ್. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆಯೇ ನಮ್ಮ ಸಂಬಂಧ ಮುರಿಯಿತು. ಫುಪ್ಪು ಅಳುತ್ತಲೇ ಅವರ ಜೊತೆಯಲ್ಲಿ ಕುಣಿಗಲ್ ಬಸ್ಸು ಹತ್ತಿದರು.

ಹಾಸಿಗೆಯಲ್ಲಿ ಮುಖ ಹುದುಗಿಸಿ ನಾನು ಸ್ವಲ್ಪ ಹೊತ್ತು ನಕ್ಕೆ. ಇನ್ನು ಉಳಿದಿದ್ದು ಭಾನುವಾರ ಮಾತ್ರ. ಎರಡು ಸೀರೆಗೆ ಇಸ್ತ್ರಿ ಹಾಕಿದೆ.

ಇಸ್ತ್ರಿ ಪೆಟ್ಟಿಗೆ ಆರುವ ಮೊದಲೇ ಮಹಾಲಕ್ಷ್ಮಮ್ಮನವರು ಪೇಡದ ಡಬ್ಬ ಹಿಡಿದು ಬಂದರು.

‘ಬಾಯಿ ಸಿಹಿ ಮಾಡ್ಕೊಳ್ಳಮ್ಮ. ಪಲ್ಲವಿಗೆ ಗುಬ್ಬೀಲಿ ಕೆಲ್ಸ ಆಯ್ತು.’

ಅಮ್ಮಿ ಕೇಳಿದರು, ‘ಯಾವ ಸ್ಕೂಲು?’

‘ಅದೇ! ಐಮನ್ನುಗೆ ಮದ್ವೆ ಅಂತ ಆದ್ಮೇಲೆ ಪಾಪ ಅವ್ರು ಸೋಮವಾರ ಕಾದ್ಕೊಂಡು ಕೂತ್ರೆ ಮಕ್ಕಳ ಪಾಠ ಏನಾಗ್ಬೇಕು? ಇವ್ಳೋ ನಾಚ್ಕೆ ಹುಡುಗಿ, ಬರಲ್ಲ ಅಂತ ಹೇಳಕ್ಕೂ ಒದ್ದಾಡ್ತಾಳೆ. ಅದಕ್ಕೆ ನಾನೇ ಶುಕ್ರವಾರ ಫೋನ್ ಮಾಡಿ ಹೇಳ್ಬಿಟ್ಟೆ. ಇಷ್ಟೂ ಸಹಾಯ ಮಾಡ್ದೇ ಇದ್ರೆ ಎದುರು ಮನೆಯೋರು ಅಂತ ಯಾಕಿರ್ಬೇಕು, ಅಲ್ವಾ?’ ಆಮೇಲೆ ದನಿ ತಗ್ಗಿಸಿ, ‘ಇವತ್ತು ಹಿಂಗಾಯ್ತು ಅಂತ ನಂಗೇನ್ ಗೊತ್ತಮ್ಮ?’ ಎಂದರು.

ಅವರ ಕಣ್ಣಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ಪೇಡ ತಿನ್ನುವುದು ಸುಲಭವಾಗುತ್ತಿತ್ತು.

ಆ ಸಂಜೆ ಅಮ್ಮಿ ಕಿಟಕಿ ತೆರೆದಿಟ್ಟೇ ಜಗಳವಾಡಿದರು. ಅಬ್ಬಾ ತಲೆ ಕೆರೆದುಕೊಂಡು ಕೊನೆಗೆ ಎದ್ದು ನಿಂತು, ‘ಅದಕ್ಯಾಕೆ ಅಳ್ತೀರ? ನಾಳೆ ಬೆಳಿಗ್ಗೆ ಸೆಕ್ರೆಟರಿ ಮನೆಗೇ ಹೋಗಣ. ಮದ್ವೆ ಇಲ್ಲ ಅಂತ ಐಮನ್ ಒಂದ್ ಮಾತು ಹೇಳಿದ್ರೆ ಮುಗೀತು. ಜೀಪಿದೆಯಲ್ಲ!’ ಎಂದರು.

ಭಾನುವಾರ ಬೀದಿಯ ಹುಡುಗರೆಲ್ಲ ಸೇರಿ ಜೀಪನ್ನು ಹಿಂದಕ್ಕೆ ತಳ್ಳಿ ಬೀದಿಗೆ ತಿರುಗಿಸಿಕೊಟ್ಟರು. ದಾರಿಯುದ್ದಕ್ಕೂ ನಾನು ಬಾಯಿಪಾಠ ಮಾಡಿಕೊಂಡೆ: ‘ಸರ್, ನನಗೆ ಮದುವೆ ಇಲ್ಲ. ನಾನು ನಾಳೆ ಬರುತ್ತೇನೆ.’ ಕಾಲ ಕೆಳಗಿನ ತೂತಿನಲ್ಲಿ ಗುಬ್ಬಿ ರಸ್ತೆ ಹಿಂದಕ್ಕೆ ಓಡುತ್ತಿತ್ತು. ಬಾಡಿದ ಚೆಂಡುಹೂವಿನ ಹಾರ ಬಾನೆಟ್ಟಿನ ಮೇಲೇ ಇತ್ತು. ಪೂರ್ತಿ ಒಣಗಿರಲಿಲ್ಲ, ಅಬ್ಬಾ ಮಾತು ಕೊಟ್ಟಿದ್ದರಲ್ಲ. ಎದುರು ಬಂದ ಲಾರಿಯವನೊಬ್ಬ ಹಾರ ನೋಡಿ, ನನ್ನನ್ನು ನೋಡಿ, ಅಬ್ಬಾನನ್ನು ನೋಡಿ ಅಸಹ್ಯದಿಂದ ಮುಖ ತಿರುಗಿಸಿದ.

ಶಿವಮೂರ್ತಿಯವರು ಮನೆಯ ಮುಂದೆ ಹಲ್ಲುಜ್ಜುತ್ತಿದ್ದರು. ಜೀಪು ನಿಂತದ್ದೇ ಬ್ರಷ್ ಬಾಯಲ್ಲಿಟ್ಟುಕೊಂಡೇ ಒಂದು ಸುತ್ತು ಬಂದರು.

‘ಯಾವ ಮಾಡೆಲ್ಲು ಸಾಹೇಬ್ರೇ ಇದು? ಫೋರ್ ವೀಲಾ? ಇಂಥದ್ದು ಈಗ ಎಲ್ಲಿ ಸಿಗತ್ತೆ! ನಮ್ ತಂದೆ ಹತ್ರ ಇತ್ತು.’

ಅಬ್ಬಾನ ಮುಖ ಅರಳಿತು. ಬಾಯಿ ಮುಕ್ಕಳಿಸಿದ ಶಿವಮೂರ್ತಿಯವರು ಪಕ್ಕದಲ್ಲಿ ಹತ್ತಿ ಕೂತರು. ‘ಒಂದ್ ರೌಂಡ್ ಹೋಗ್ಬರಣ?’ ಇಬ್ಬರೂ ಹೊರಟೇಹೋದರು. ನಾನು ಅವರ ಮನೆಯ ಜಗಲಿಯ ಮೇಲೆ ಕೂತೆ. ಅವರ ಹೆಂಡತಿ ಕಾಫಿ ತಂದುಕೊಟ್ಟು, ‘ಮದ್ವೆ ಯಾವಾಗಮ್ಮ?’ ಎಂದರು. ಅವರಿಗೆ ಹೇಳಿದರೆ ಬಾಯಿಪಾಠ ಖರ್ಚಾಗಿಬಿಡುತ್ತದೇನೋ ಎಂದು ಸುಮ್ಮನೆ ನಕ್ಕೆ.

ಕಾಫಿ ಲೋಟ ಆರಿ ಬಹಳ ಹೊತ್ತಾದ ಮೇಲೆ ಇಬ್ಬರೂ ಬಾಲ್ಯಸ್ನೇಹಿತರಂತೆ ಹೆಗಲ ಮೇಲೆ ಕೈ ಹಾಕಿಕೊಂಡು ಬಂದರು. ನಾನು ಎದ್ದು ನಿಂತೆ.

‘ಸರ್… ಮದುವೆ…’

‘ಗೊತ್ತಾಯ್ತಮ್ಮ, ಬಿಸ್ಮಿಲ್ಲಾ ಮಾಡೋಕ್ ಮುಂಚೆನೇ ನಿಂತೋಯ್ತಂತೆ, ನಿಮ್ಮ ತಂದೆಯವ್ರು ಹೇಳಿದ್ರು. ಪಾಪ. ಬೇಜಾರ್ ಮಾಡ್ಕೋಬೇಡ.’

‘ಹಾಗಾದ್ರೆ… ನಾಳೆ…’

ಶಿವಮೂರ್ತಿಯವರು ನಿಟ್ಟುಸಿರು ಬಿಟ್ಟರು. ಒಳ್ಳೆಯ ಮನುಷ್ಯ. ‘ಆ ಹುಡುಗಿಗೆ ಆರ್ಡ್ರು ಕೊಟ್ಬಿಟ್ಟಿದೀವಲ್ಲಮ್ಮ. ಈಗ ಹೆಂಗ್ ಇಲ್ಲ ಅನ್ಲಿ? ಮತ್ತೆ… ಇದು ತಪ್ಪಿದ್ರೆ ಇನ್ನೊಂದು. ಮದ್ವೆ ಆಗ್ದೆ ಇರತ್ತಾ? ವರ್ಷದ ಮಧ್ಯದಲ್ಲಿ ನೀನು ಬಿಟ್ಟೋದ್ರೆ ನಮ್ಗೂ ಕಷ್ಟ. ನಿಂಗೂ ಅದೇ ಸರಿ ಅನ್ಸತ್ತೆ, ಅಲ್ವಾ?’

ಹೇಳಬೇಕಾದದ್ದು ನನ್ನ ಹತ್ತಿರ ಬಹಳ ಇತ್ತು. ಆ ಜಗಲಿ, ಆ ಹೊಸಲು, ಎದುರಿಗೆ ಕಾಯುತ್ತಿದ್ದ ಅವರ ಮುಖ. ನನ್ನ ಕಣ್ಣು ತಾನಾಗಿ ನೆಲಕ್ಕಿಳಿಯಿತು.

‘ನೋಡಿ, ಅರ್ಥ ಮಾಡ್ಕೊಂಡ್ಳು. ತಿಳುವಳ್ಕಸ್ತ ಹುಡುಗಿ’ ಎಂದು ಅಬ್ಬಾನ ಕೈ ಕುಲುಕಿದರು.

ವಾಪಸ್ಸು ಬರುವಾಗ ಅಬ್ಬಾ ಬಹಳ ಖುಷಿಯಲ್ಲಿದ್ದರು. ಸೆಕ್ರೆಟರಿಯೇ ಮೆಚ್ಚಿದ ಗಾಡಿ. ಎಂಜಿನ್ ಸದ್ದಿನ ಮೇಲೆ ಕೂಗಿ ಹೇಳಿದರು: ‘ಕೆಲ್ಸ ಹೋದ್ರೆ ಹೋಯ್ತು ಬಿಡು, ಇನ್ನೊಂದ್ ಸಿಗತ್ತೆ! ಈಗ ಗಾಡಿ ವಿಷ್ಯ ಹೇಳು! ಎಲ್ಲಾರ್ನೂ ಕೇಳ್ದೆ, ನಿನ್ನೊಬ್ಳನ್ನ ಕೇಳಿಲ್ಲ! ತೊಗೊಳ್ಳಣ್ವಾ ಬೇಡ್ವಾ? ನಿನ್ ಮಾತೇ ಫೈನಲ್ಲು!’

ನಾನು ಸುಮ್ಮನಿದ್ದೆ.

‘ಸುಮ್ನಿದೀಯ ಅಂದ್ರೆ ಒಪ್ಗೆ…’

‘ಬೇಡ!’ ಎಂದೆ.

ಆ ದನಿ ಎಲ್ಲಿಂದ ಬಂತೋ ನನಗೆ ತಿಳಿಯದು. ರಸ್ತೆ ಬದಿಯ ಹೊಲದಲ್ಲಿ ಕೂತಿದ್ದ ಬೆಳ್ಳಕ್ಕಿಗಳು ಎದ್ದವು. ಅಬ್ಬಾ ಬೆಚ್ಚಿ ಬ್ರೇಕ್ ಒತ್ತಿದರು. ಜೀಪು ಸ್ವಲ್ಪ ದೂರ ಆ ವಿಚಾರವನ್ನು ತೂಗಿ ನೋಡಿ ಆಮೇಲೆ ನಿಂತಿತು. ಎಂಜಿನ್ ಆರಿತು.

ಅಬ್ಬಾ ಪೂರ್ತಿ ನನ್ನ ಕಡೆ ತಿರುಗಿ ಕೂತರು. ಕೋಪವಿರಲಿಲ್ಲ. ನಿಜವಾದ ಆಶ್ಚರ್ಯವಿತ್ತು.

‘ಇಷ್ಟು ಜೋರಾಗಿ ಮಾತಾಡಕ್ಕೆ ಬರತ್ತಾ ನಿಂಗೆ?’ ಎಂದರು. ‘ಹಂಗಾದ್ರೆ ಅಲ್ಲೇ ಮಾತಾಡ್ಬಾರ್ದಿತ್ತೇನೇ?’

ಸೋಮವಾರ ಬೆಳಿಗ್ಗೆ ಪಲ್ಲವಿ ಗುಬ್ಬಿ ಬಸ್ಸು ಹತ್ತುವ ಹೊತ್ತಿಗೆ ಅಬ್ಬಾ ಜೀಪನ್ನು ಕಡಬಕ್ಕೆ ಬಿಟ್ಟು ಬರಲು ಹೊರಟರು. ಅಮ್ಮಿ ಕೇಳಿದರು, ಪುಟ್ಟರಂಗಯ್ಯನವರು ಕೇಳಿದರು, ಬೀದಿಯಲ್ಲಿ ಸಿಕ್ಕವರೆಲ್ಲ ಕೇಳಿದರು, ಯಾಕೆ ಬೇಡವಾಯಿತೆಂದು. ಎಲ್ಲರಿಗೂ ಅಬ್ಬಾ ಒಂದೇ ಉತ್ತರ ಕೊಟ್ಟರು.

‘ನಮ್ಮ ಐಮನ್ ಬೇಡ ಅಂದ್ಳು. ಅವ್ಳು ಒಂದ್ ಮಾತು ಹೇಳಿದ್ಮೇಲೆ ನಮ್ಮನೇಲಿ ಯಾರೂ ಅದನ್ನ ಮೀರಲ್ಲ.’